ಅಂಗಡಿ ಸಾಲಿನ ಪಾಠಗಳು

ಹಂಪಿಯ ವಿರೂಪಾಕ್ಷ ದೇವಾಲಯದ ಎದುರು ನಿಂತರೆ ಪೂರ್ವ ದಿಕ್ಕಿಗೆ ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದದ ಬೀದಿಯೊಂದು ಕಾಣುತ್ತದೆ. ಎರಡೂ ಬದಿಗೆ ಕಲ್ಲಿನ ಮಂಟಪಗಳ ಸಾಲು. ಮಾರ್ಗದರ್ಶಕರು ಪ್ರವಾಸಿಗರನ್ನು ಇಲ್ಲಿ ನಿಲ್ಲಿಸಿ, ಒಂದು ಕಾಲದಲ್ಲಿ ಈ ಬೀದಿಯಲ್ಲಿ ಮುತ್ತು ರತ್ನಗಳನ್ನು ಸೇರಿನಲ್ಲಿ ಅಳೆದು ಮಾರುತ್ತಿದ್ದರೆಂದು ಹೇಳುತ್ತಾರೆ. ಕೇಳಿದವರು ತಲೆದೂಗಿ, ಬರಿದಾದ ಮಂಟಪಗಳ ಚಿತ್ರ ತೆಗೆದುಕೊಂಡು ಮುಂದೆ ಹೋಗುತ್ತಾರೆ.

2011ರ ಜುಲೈ ತಿಂಗಳವರೆಗೆ ಈ ಮಂಟಪಗಳು ಬರಿದಾಗಿರಲಿಲ್ಲ. ಅಲ್ಲಿ ಚಹಾದ ಅಂಗಡಿಗಳಿದ್ದವು, ಬಾಳೆಹಣ್ಣು, ತೆಂಗಿನಕಾಯಿ, ಪುಸ್ತಕ, ಬಟ್ಟೆ, ಪಾತ್ರೆ ಮಾರುವವರಿದ್ದರು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಆ ಬೀದಿಯನ್ನು ನೆಚ್ಚಿಕೊಂಡು ಬದುಕಿದ್ದವು. ಆ ತಿಂಗಳ ಕೊನೆಯಲ್ಲಿ ಬುಲ್ಡೋಜರುಗಳು ಬಂದವು. ಪಾರಂಪರಿಕ ತಾಣದ ರಕ್ಷಣೆಗಾಗಿ ಅತಿಕ್ರಮಣ ತೆರವು ಎಂಬುದು ಸರಕಾರದ ವಿವರಣೆಯಾಗಿತ್ತು. ವಿವರಣೆಯಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಐನೂರು ವರ್ಷ ಹಳೆಯ ಕಂಬಗಳ ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿದ್ದು, ಮಂಟಪದ ತಲೆಯ ಮೇಲೆ ಮಹಡಿ ಕಟ್ಟಿದ್ದು ನಿಜ. ಆದರೆ ಗೋಡೆಗಳ ಜೊತೆಗೆ ವ್ಯಾಪಾರವೂ ಹೋಯಿತು. ಇಂದು ಅಲ್ಲಿ ಪೇಟೆಯ ಕುರಿತು ತಿಳಿಯಲು ಬಂದವನಿಗೆ ಪೇಟೆಯೊಂದನ್ನು ಬಿಟ್ಟು ಉಳಿದೆಲ್ಲವೂ ಸಿಗುತ್ತದೆ.

ನಗರದ ಮಾರುಕಟ್ಟೆಗಳನ್ನು ಸಂಸ್ಕೃತಿಯ ಕಲಿಕೆಗೂ ಪ್ರವಾಸೋದ್ಯಮಕ್ಕೂ ಒದಗುವಂತೆ ರೂಪಿಸಬೇಕು ಎಂಬ ಮಾತು ಇತ್ತೀಚಿನ ವರ್ಷಗಳಲ್ಲಿ ಎಲ್ಲೆಡೆ ಕೇಳಿಬರುತ್ತಿದೆ. ಗೋಡೆಗೆ ಚಿತ್ರ, ಬೀದಿಗೆ ದೀಪ, ಮೂಲೆಗೊಂದು ಮಾಹಿತಿ ಫಲಕ. ಇದೇನೋ ಹೊಸ ಯೋಚನೆ ಎಂಬಂತೆ ಮಾತನಾಡಲಾಗುತ್ತಿದೆ. ವಾಸ್ತವದಲ್ಲಿ ಮಾರುಕಟ್ಟೆಯನ್ನು ಯೋಚಿಸಿ ರೂಪಿಸುವ ವಿದ್ಯೆ ಬಹಳ ಹಳೆಯದು. ಅದನ್ನು ಬಲ್ಲವರು ಯಾವುದನ್ನು ರೂಪಿಸಿದರು, ಯಾವುದನ್ನು ಅದರ ಪಾಡಿಗೆ ಬಿಟ್ಟರು ಎಂಬುದನ್ನು ನೋಡಿದರೆ ಇಂದಿನ ಯೋಜನೆಗಳ ಕುರಿತು ಒಂದಿಷ್ಟು ತಿಳಿವಳಿಕೆ ಮೂಡಬಹುದು.

ಹಂಪಿಯಿಂದಲೇ ಆರಂಭಿಸೋಣ. 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಹೆರಾತ್ ನಗರದ ಅಬ್ದುರ್ರಝಾಕ್ ಸಮರ್ಖಂದಿ ಬಂದಿದ್ದ. ತೈಮೂರನ ಮಗ ಶಾಹ್‌ರುಖ್‌ನ ರಾಯಭಾರಿಯಾಗಿ ಕಲ್ಲಿಕೋಟೆಗೆ ಬಂದಿದ್ದ ಈತನನ್ನು ವಿಜಯನಗರದ ಅರಸನೇ ಕರೆಸಿಕೊಂಡಿದ್ದ. ಕಲ್ಲಿಕೋಟೆ ಅವನಿಗೆ ಅಷ್ಟಾಗಿ ಹಿಡಿಸಿರಲಿಲ್ಲ. ವಿಜಯನಗರವನ್ನು ಕಂಡು ಮಾತ್ರ ಬೆರಗಾದ. ಅರಮನೆಯ ಬಳಿಯ ಪೇಟೆಗಳ ಉದ್ದಗಲ, ಗುಲಾಬಿ ಹೂವಿನ ವ್ಯಾಪಾರ, ರತ್ನಗಳನ್ನು ಯಾವ ಮುಚ್ಚುಮರೆಯೂ ಇಲ್ಲದೆ ಬಹಿರಂಗವಾಗಿ ಮಾರುವುದು, ಎಲ್ಲವನ್ನೂ ಬರೆದಿಟ್ಟ. ಜೊತೆಗೆ ಇನ್ನೊಂದು ಸಂಗತಿಯನ್ನು ಗಮನಿಸಿದ: ಒಂದೊಂದು ಕಸುಬಿನವರ ಅಂಗಡಿಗಳು ಒಂದಕ್ಕೊಂದು ತಾಗಿಕೊಂಡು ಒಂದೇ ಕಡೆ ಇವೆ. ಸಾವಿರಾರು ಮೈಲಿ ದಾಟಿ ಬಂದವನಿಗೆ ಇದು ತನ್ನೂರಿನ ಗುರುತಿನಂತೆ ಕಂಡಿರಬೇಕು. ಏಕೆಂದರೆ ಅವನ ಕಡೆಯ ಬಝಾರುಗಳ ಮೊದಲ ನಿಯಮವೂ ಅದೇ ಆಗಿತ್ತು. ಅವನು ಬರುವುದಕ್ಕೆ ನಾಲ್ಕು ವರ್ಷ ಮೊದಲು, 1439ರಲ್ಲಿ, ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ ಎಂಬವನು ಇದೇ ನಗರದಲ್ಲಿ ಮಸೀದಿಯೊಂದನ್ನು ಕಟ್ಟಿಸಿ, ಕನ್ನಡ ಶಾಸನದಲ್ಲಿ ಅದನ್ನು ಧರ್ಮಸಾಲೆ ಎಂದು ಕರೆದಿದ್ದಾನೆ.

ಆ ನಿಯಮ ಎಲ್ಲಿಂದ ಬಂತು? ಮದೀನಾದ ಮೊದಲ ಮಾರುಕಟ್ಟೆ ತೀರಾ ಸರಳವಾಗಿತ್ತು. ಪ್ರವಾದಿ ಮುಹಮ್ಮದ್(ಸ) ಅದಕ್ಕೆ ಬಯಲು ಜಾಗವೊಂದನ್ನು ಗುರುತಿಸಿ, ಅಲ್ಲಿ ಸುಂಕ ವಸೂಲಿ ಮಾಡಬಾರದೆಂದು ಗೊತ್ತುಪಡಿಸಿದರೆಂದು ಹಿಂದಿನ ಇತಿಹಾಸಕಾರರು ದಾಖಲಿಸಿದ್ದಾರೆ. ಅಲ್ಲಿ ಕಾಯಂ ಅಂಗಡಿಗಳಿರಲಿಲ್ಲ. ಬೆಳಿಗ್ಗೆ ಮೊದಲು ಬಂದವನಿಗೆ ಆ ಜಾಗ ಅಂದಿನ ಮಟ್ಟಿಗೆ. ನಮ್ಮ ಹಳ್ಳಿಯ ಸಂತೆಗಳಲ್ಲಿ ಗೋಣಿ ಹಾಸಿ ಕೂರುವವರು ಪಾಲಿಸುವ ಪದ್ಧತಿಯೂ ಹೆಚ್ಚು ಕಡಿಮೆ ಇದೇ. ನಗರಗಳು ಬೆಳೆದಂತೆ ಬಯಲು ಹೋಗಿ ಅಂಗಡಿ ಸಾಲು ಬಂತು, ಸಾಲಿನ ಮೇಲೆ ಕಮಾನು ಬಂತು, ಕಮಾನಿನ ಕೆಳಗೆ ನಿಯಮಗಳು ಬಂದವು.

ಈ ನಿಯಮಗಳನ್ನು ನೋಡಿಕೊಳ್ಳಲು ಮುಹ್ತಸಿಬ್ ಎಂಬ ಅಧಿಕಾರಿಯಿದ್ದ. ಅವನ ಉಪಯೋಗಕ್ಕಾಗಿಯೇ ಕೈಪಿಡಿಗಳನ್ನು ಬರೆಯಲಾಗುತ್ತಿತ್ತು. 12ನೇ ಶತಮಾನದಲ್ಲಿ ಸಿರಿಯಾದ ಶೈಝರಿ ಬರೆದ ಕೈಪಿಡಿ ಇಂದಿಗೂ ಉಳಿದಿದೆ. ಮಾರುಕಟ್ಟೆಯ ವಿನ್ಯಾಸ ಎಂದರೇನೆಂದು ತಿಳಿಯಬಯಸುವವರು ಅದನ್ನು ಓದಬೇಕು. ಬೀದಿಯ ಎರಡೂ ಬದಿಗೆ ಜನ ನಡೆಯಲು ಕಟ್ಟೆಯಿರಬೇಕು, ಕೆಸರಿನ ಕಾಲದಲ್ಲಿ ಅದು ಬೇಕು. ಯಾರೂ ತಮ್ಮ ಅಂಗಡಿಯ ಜಗಲಿಯನ್ನು ದಾರಿಗೆ ಚಾಚಬಾರದು. ಪ್ರತಿ ಕಸುಬಿಗೂ ಅದರದೇ ಸಾಲು ಇರಲಿ. ಬೆಂಕಿ ಉರಿಸುವವರು, ಅಂದರೆ ರೊಟ್ಟಿ ಸುಡುವವರು, ಅಡುಗೆಯವರು, ಕಮ್ಮಾರರು, ಅತ್ತರಿನವರಿಂದಲೂ ಬಟ್ಟೆಯವರಿಂದಲೂ ದೂರವಿರಲಿ. ಪ್ರತಿ ಕಸುಬಿಗೆ ಆ ಕಸುಬಿನವರಲ್ಲೇ ಬಲ್ಲವನೊಬ್ಬ ಮೇಲ್ವಿಚಾರಕನಾಗಲಿ, ಏಕೆಂದರೆ ಅಧಿಕಾರಿಗೆ ಎಲ್ಲ ಕಸುಬಿನ ಮೋಸಗಳೂ ತಿಳಿದಿರುವುದಿಲ್ಲ. ಹಿಟ್ಟು ನಾದುವವನ ವಿಚಾರ ಬಂದಾಗಲಂತೂ ಕೈಪಿಡಿ ಎಷ್ಟು ಸೂಕ್ಷ್ಮಕ್ಕೆ ಇಳಿಯುತ್ತದೆಂದರೆ ಓದಿ ನಗು ಬರುತ್ತದೆ. ಅವನು ಕಾಲಿನಿಂದ ನಾದಬಾರದು. ಸೀನಿದರೆ, ಮಾತನಾಡಿದರೆ ಎಂಜಲು ಹಿಟ್ಟಿಗೆ ಬೀಳದಂತೆ ಬಾಯಿಗೆ ಬಟ್ಟೆ ಕಟ್ಟಿರಬೇಕು. ಹಣೆಯ ಬೆವರು ಹನಿಯದಂತೆ ಬಿಳಿ ಪಟ್ಟಿ ಸುತ್ತಿರಬೇಕು. ನೊಣ ಓಡಿಸಲು ಪಕ್ಕದಲ್ಲೊಬ್ಬ ನಿಂತಿರಬೇಕು. 2020ರಲ್ಲಿ ಎಲ್ಲರೂ ಬಾಯಿಗೆ ಬಟ್ಟೆ ಕಟ್ಟಿಕೊಂಡು ಓಡಾಡಿದಾಗ ನಮಗೆ ಈ ರೊಟ್ಟಿಯವನು ನೆನಪಾಗಿದ್ದ.

ಈ ಕೈಪಿಡಿಯ ಗಮನವೆಲ್ಲ ಕೆಲಸದ ಮೇಲೆ. ನಡೆಯಲು ದಾರಿ, ಬೆಂಕಿಯಿಂದ ರಕ್ಷಣೆ, ಅಳತೆಯಲ್ಲಿ ನ್ಯಾಯ, ಕಸುಬು ಬಲ್ಲವರಿಗೆ ಮಾತು. ಮಾರುಕಟ್ಟೆ ನೋಡಲು ಚೆಂದವಿರಬೇಕು ಎಂದು ಅದು ಎಲ್ಲೂ ತಲೆಕೆಡಿಸಿಕೊಂಡಿಲ್ಲ. ಆದರೂ ಅಂತಹ ಮಾರುಕಟ್ಟೆಗಳೇ ಕಲಿಕೆಯ ತಾಣಗಳಾದವು. ಒಂದೇ ಸಾಲಿನಲ್ಲಿ ನಲವತ್ತು ತಾಮ್ರದ ಅಂಗಡಿಗಳಿದ್ದರೆ ಕೊಳ್ಳುವವನು ಹತ್ತು ಹೆಜ್ಜೆಯಲ್ಲಿ ಒಳ್ಳೆಯ ಪಾತ್ರೆ ಯಾವುದು, ಕಳಪೆ ಯಾವುದು ಎಂದು ತಿಳಿಯುತ್ತಾನೆ. ಕಸುಬುದಾರನಿಗೆ ನೆರೆಯವನ ಕಣ್ಣು ತಪ್ಪಿಸಿ ಕಳಪೆ ಮಾಡಲಾಗದು. ಹುಡುಗನೊಬ್ಬ ಕೆಲಸ ಕಲಿಯಲು ಒಂದು ಅಂಗಡಿ ಸೇರಿದರೆ, ನಲವತ್ತು ಅಂಗಡಿಗಳ ಸುತ್ತಿಗೆಯ ಸದ್ದು ಅವನ ಕಿವಿಗೆ ಬೀಳುತ್ತದೆ.

ಪುಸ್ತಕದ ಕಲಿಕೆಯೂ ಈ ಏರ್ಪಾಟಿನ ಹೊರಗಿರಲಿಲ್ಲ. ಇಸ್ತಾಂಬುಲಿನ ಪ್ರಸಿದ್ಧ ಮುಚ್ಚಿದ ಮಾರುಕಟ್ಟೆಯನ್ನು ತೆಗೆದುಕೊಳ್ಳಿ. ಎರಡನೇ ಮೆಹ್ಮೆದ್ 1450ರ ದಶಕದಲ್ಲಿ ಅದರ ತಿರುಳಾದ ಕಲ್ಲಿನ ಕಟ್ಟಡವನ್ನು ಕಟ್ಟಿಸಿದ. ಅದರ ಬಾಡಿಗೆಯನ್ನು ಆಯಾ ಸೋಫಿಯಾದ ವಕ್ಫ್‌ಗೆ ಬಿಟ್ಟುಕೊಟ್ಟ. ಅಂಗಡಿಯವನು ತಿಂಗಳಿಗೆ ಕೊಡುವ ಬಾಡಿಗೆ ಮಸೀದಿಯ ದೀಪಕ್ಕೆ, ಮದ್ರಸದ ಉಪಾಧ್ಯಾಯನ ಸಂಬಳಕ್ಕೆ, ವಿದ್ಯಾರ್ಥಿಯ ಊಟಕ್ಕೆ ಹೋಗುವುದು ಅಂದಿನ ನಗರಗಳ ಸಾಮಾನ್ಯ ಪದ್ಧತಿಯಾಗಿತ್ತು. ಮಾರುಕಟ್ಟೆಯ ಪಕ್ಕದಲ್ಲೇ, ಬಾಯಝೀದ್ ಮಸೀದಿಗೆ ತಾಗಿಕೊಂಡು, ಹಳೆಯ ಪುಸ್ತಕಗಳ ಅಂಗಳ ಇಂದಿಗೂ ಇದೆ. ಮಾರುಕಟ್ಟೆಯೊಳಗೆ ಅರವತ್ತಕ್ಕೂ ಮಿಕ್ಕಿ ಬೀದಿಗಳು, ಸಾವಿರಾರು ಅಂಗಡಿಗಳು. ಬೀದಿಗಳಿಗೆ ಕಸುಬುಗಳದೇ ಹೆಸರು: ಟೋಪಿಯವರ ಬೀದಿ, ಚಪ್ಪಲಿಯವರ ಬೀದಿ, ರಜಾಯಿಯವರ ಬೀದಿ. ಹೆಸರು ಉಳಿದಿದೆ, ಕಸುಬು ಬಹುತೇಕ ಹೋಗಿದೆ. ಟೋಪಿಯವರ ದೊಡ್ಡ ಬೀದಿಯಲ್ಲಿ ಈಗ ಚಿನ್ನದ ಅಂಗಡಿಗಳು ಹೊಳೆಯುತ್ತವೆ. ಜಗತ್ತಿನಲ್ಲೇ ಅತಿ ಹೆಚ್ಚು ಪ್ರವಾಸಿಗರು ಹೊಕ್ಕುವ ಮಾರುಕಟ್ಟೆಗಳಲ್ಲಿ ಒಂದಾದ ಇದರಲ್ಲಿ ಕಸುಬು ಕಲಿಯಲು ಹೊಕ್ಕುವ ಹುಡುಗರು ವಿರಳ.

ಪ್ರವಾಸಿಗರ ಮಾತು ಬಂದಾಗ ಇಬ್ನು ಬತೂತನನ್ನು ಬಿಡುವಂತಿಲ್ಲ. 14ನೇ ಶತಮಾನದ ಈ ಮೊರೊಕ್ಕೊ ಪ್ರವಾಸಿ ಕಾಣದ ಪೇಟೆಯಿಲ್ಲ. ನಮ್ಮ ಕರಾವಳಿಗೂ ಬಂದಿದ್ದ. ಮಂಗಳೂರಿನಲ್ಲಿ ಫಾರ್ಸ್ ಮತ್ತು ಯಮನ್‌ನ ವರ್ತಕರು ಇಳಿಯುವುದನ್ನೂ, ಅಲ್ಲಿನ ಮೆಣಸು ಶುಂಠಿಯನ್ನೂ ದಾಖಲಿಸಿದ್ದಾನೆ. ವರ್ತಕರ ಊರಾದ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳನ್ನು ಕಂಡುದಾಗಿ ಬರೆದಿದ್ದಾನೆ. ಹೆಣ್ಣುಮಕ್ಕಳ ಶಾಲೆಗಳನ್ನು ಎಣಿಸಿ ಬರೆಯುವಷ್ಟು ಅದು ಅವನಿಗೆ ಹೊಸದಾಗಿ ಕಂಡಿತ್ತು.

ಆದರೆ ಮಾರುಕಟ್ಟೆಗೂ ಪ್ರವಾಸಿಗೂ ಇರಬೇಕಾದ ಸಂಬಂಧ ಎಂಥದೆಂಬುದಕ್ಕೆ ಅವನು ಹೇಳುವ ಅತ್ಯುತ್ತಮ ಕಥೆ ಇಂದಿನ ತುರ್ಕಿಯದು. ಅಂತಾಲ್ಯ ಎಂಬ ಊರಿನಲ್ಲಿ ಹಳೆಯ ಬಟ್ಟೆ, ತಲೆಗೆ ಉಣ್ಣೆಯ ಟೋಪಿ ತೊಟ್ಟ ಒಬ್ಬ ಮನುಷ್ಯ ಬಂದು ಇವನನ್ನೂ ಜೊತೆಯವರನ್ನೂ ಊಟಕ್ಕೆ ಕರೆದ. ಪಾಪದವನು, ನಮಗೆಲ್ಲ ಊಟ ಹಾಕುವ ತ್ರಾಣ ಇವನಿಗೆಲ್ಲಿ, ಎಂದು ಇಬ್ನು ಬತೂತ ಹಿಂಜರಿದ. ಅಲ್ಲಿದ್ದ ಶೇಖ್ ನಕ್ಕುಬಿಟ್ಟ. ಬಂದವನು ಚಮ್ಮಾರ. ಬೇರೆ ಬೇರೆ ಕಸುಬಿನ ಸುಮಾರು ಇನ್ನೂರು ಮಂದಿ ಸೇರಿ ಅವನನ್ನು ತಮ್ಮ ನಾಯಕನನ್ನಾಗಿ ಆರಿಸಿಕೊಂಡಿದ್ದರು. ಅವರನ್ನು ಅಖಿಗಳೆಂದು ಕರೆಯುತ್ತಿದ್ದರು. ಹಗಲಲ್ಲಿ ದುಡಿದದ್ದನ್ನು ಸಂಜೆ ಒಂದೆಡೆ ತಂದು ಹಾಕಿ, ಊರಿಗೆ ಬಂದ ಪರದೇಶಿಗಳಿಗೆ ಛತ್ರದಲ್ಲಿ ಊಟ, ಹಣ್ಣು, ಹಾಸಿಗೆ ಕೊಡುವುದು ಅವರ ವ್ರತ.

ಮುಂದೆ ಲಾದಿಖ್, ಅಂದರೆ ಇಂದಿನ ದೆನಿಜ್ಲಿ, ಹೊಕ್ಕಾಗ ಇನ್ನೂ ಮಜವಾದ ಘಟನೆ ನಡೆಯಿತು. ಪೇಟೆಯ ನಡುವೆ ಹೋಗುತ್ತಿರುವಾಗ ಅಂಗಡಿಗಳಿಂದ ಜನ ಇಳಿದು ಬಂದು ಇವರ ಕುದುರೆಗಳ ಲಗಾಮು ಹಿಡಿದುಕೊಂಡರು. ಇನ್ನೊಂದು ಗುಂಪು ಬಂದು ಅವರನ್ನು ತಡೆಯಿತು. ಮಾತಿಗೆ ಮಾತು ಬೆಳೆದು ಕೆಲವರು ಚೂರಿ ಎಳೆದರು. ಭಾಷೆ ತಿಳಿಯದ ಇಬ್ನು ಬತೂತ ಇವರು ದಾರಿಗಳ್ಳರೇ ಸರಿ ಎಂದು ನಡುಗಿಹೋದ. ಕೊನೆಗೆ ಅರಬಿ ಬಲ್ಲವನೊಬ್ಬ ಬಂದು ವಿಷಯ ತಿಳಿಸಿದ. ಎರಡೂ ಗುಂಪು ಅಖಿಗಳದೇ. ಅತಿಥಿಗಳು ತಮ್ಮಲ್ಲೇ ಇಳಿದುಕೊಳ್ಳಬೇಕೆಂಬುದೇ ಜಗಳ! ಚೀಟಿ ಎತ್ತಿ ತೀರ್ಮಾನಿಸಿದರು. ಮೊದಲು ಒಬ್ಬರ ಮನೆ, ಬಳಿಕ ಇನ್ನೊಬ್ಬರದು.

ಪ್ರವಾಸಿಗಾಗಿ ಇಂದು ನಮ್ಮಲ್ಲೂ ಅಂಗಡಿಯವರು ಜಗಳವಾಡುತ್ತಾರೆ, ಕಾರಣ ಬೇರೆ. ಆ ಕಾಲ ಮರಳಿ ಬರಲಿ ಎಂದು ಹಂಬಲಿಸುವುದರಲ್ಲಿ ಅರ್ಥವಿಲ್ಲ. ನಮ್ಮ ಮಾತಿರುವುದು ಇಷ್ಟೇ: ಇಬ್ನು ಬತೂತನಿಗೆ ಆ ಊರುಗಳನ್ನು ಕಲಿಸಿದವರು ಚಮ್ಮಾರ, ನೇಕಾರ, ಕಮ್ಮಾರರು. ಅವರು ಆತಿಥೇಯರಾಗಿದ್ದರು, ಪ್ರದರ್ಶನದ ವಸ್ತುಗಳಾಗಿರಲಿಲ್ಲ.

ನಮ್ಮ ಕಾಲದಲ್ಲಿ ಈ ಹಳೆಯ ಮಾರುಕಟ್ಟೆಗಳನ್ನು ಉಳಿಸಲು ಎರಡು ಬಗೆಯ ಪ್ರಯತ್ನಗಳು ನಡೆದಿವೆ. ಒಂದು ದೋಹಾದ ಸೂಖ್ ವಾಖಿಫ್. ಖತರ್‌ನಲ್ಲಿ ದುಡಿದ ಕರಾವಳಿಯ ಕನ್ನಡಿಗರಿಗೆ ಇದನ್ನು ಪರಿಚಯಿಸಬೇಕಾಗಿಲ್ಲ. 2003ರಲ್ಲಿ ಬೆಂಕಿಗೆ ತುತ್ತಾದ ಈ ಹಳೆಯ ಪೇಟೆಯನ್ನು 2004ರಿಂದ ಖತರ್‌ನ ಕಲಾವಿದ ಮುಹಮ್ಮದ್ ಅಲಿ ಅಬ್ದುಲ್ಲಾ ಅವರ ಕಲ್ಪನೆಯಂತೆ ಮತ್ತೆ ಎಬ್ಬಿಸಲಾಯಿತು. ಹಳೆಯ ಚಿತ್ರಗಳನ್ನೂ ಹಿರಿಯರ ನೆನಪನ್ನೂ ಆಧರಿಸಿ, ಇತ್ತೀಚಿನ ಕಟ್ಟಡಗಳನ್ನು ಕೆಡವಿ, ಮರದ ತೊಲೆ ಮತ್ತು ಮಣ್ಣಿನ ಗಿಲಾವಿನಿಂದ ಹಿಂದಿನ ರೂಪ ಕೊಟ್ಟರು. ಮಸಾಲೆ, ಸಾಂಬ್ರಾಣಿ, ಬಟ್ಟೆ, ಗಿಡುಗದ ಅಂಗಡಿಗಳು. ಕೈಗಾಡಿ ತಳ್ಳುವ ಹಮಾಲಿಗಳಿಗೂ ಒಂದೇ ಬಗೆಯ ಅಂಗಿ. ಸಂಜೆಯಾದರೆ ಕಾಲಿಡಲು ಜಾಗವಿಲ್ಲ. ಇದನ್ನು ಬರಿಯ ನಾಟಕದ ರಂಗಸಜ್ಜಿಕೆ ಎಂದು ಮೂಗು ಮುರಿಯುವವರೂ ಇದ್ದಾರೆ. ನಾವು ಅಷ್ಟು ಕಠೋರರಾಗಲಾರೆವು. ಗಾಜಿನ ಗೋಪುರಗಳ ನಡುವೆ ಬೆಳೆದ ಮಕ್ಕಳಿಗೆ ತಮ್ಮ ಅಜ್ಜಂದಿರು ಎಂಥ ಗೋಡೆಗೆ ಒರಗಿ ಕೂರುತ್ತಿದ್ದರು ಎಂಬುದಾದರೂ ಅಲ್ಲಿ ತಿಳಿಯುತ್ತದೆ. ಆದರೆ ಅಂಥದ್ದನ್ನು ಕಟ್ಟಲು ಅನಿಲದ ದುಡ್ಡು ಬೇಕು. ಮೇಲಿಂದ ಬಂದ ಕಲ್ಪನೆಯ ಪೇಟೆ ಮೇಲಿನವರ ಇಚ್ಛೆಯಿಂದಲೇ ನಡೆಯಬೇಕಾಗುತ್ತದೆ.

ಇನ್ನೊಂದು ಇರಾನಿನ ತಬ್ರೀಝ್. ಇಬ್ನು ಬತೂತ ಅಲ್ಲಿನ ರತ್ನದ ಸಾಲನ್ನು ಹೊಕ್ಕಾಗ ಕಣ್ಣು ಕೋರೈಸಿತೆಂದು ಬರೆದಿದ್ದ. ಭೂಕಂಪಗಳಿಗೆ ಸಿಲುಕಿ ಹಲವು ಬಾರಿ ಕುಸಿದು, ಹಲವು ಬಾರಿ ಎದ್ದ ಪೇಟೆಯದು. ಇಂದಿರುವುದು ಬಹುಮಟ್ಟಿಗೆ 18ನೇ ಶತಮಾನದ ಕೊನೆಯ ಭೂಕಂಪದ ನಂತರ ಕಟ್ಟಿದ್ದು. ಸುಮಾರು 27 ಹೆಕ್ಟೇರ್ ವಿಸ್ತಾರ, ಐದೂವರೆ ಕಿಲೋಮೀಟರ್ ಉದ್ದದ ಕಮಾನು ಬೀದಿಗಳು, ಒಳಗೇ ಮಸೀದಿ, ಶಾಲೆ, ಸ್ನಾನಗೃಹಗಳು. 20ನೇ ಶತಮಾನದ ಕೊನೆಗೆ ಅದು ಸೋರುತ್ತಿತ್ತು, ಅಲ್ಲಲ್ಲಿ ಬೀಳುತ್ತಿತ್ತು. 1990ರ ದಶಕದಲ್ಲಿ ಸರಕಾರದ ಪರಂಪರೆ ಇಲಾಖೆ ಸ್ವಲ್ಪ ಭಾಗವನ್ನು ದುರಸ್ತಿ ಮಾಡಿ ತೋರಿಸಿತು. ಸೂರು ಗಟ್ಟಿಯಾದದ್ದನ್ನು, ವ್ಯಾಪಾರ ನಿಲ್ಲದೆ ನಡೆದದ್ದನ್ನು ಕಂಡ ವರ್ತಕರು ನಂಬಿದರು. ಆಮೇಲಿನ ಕೆಲಸದ ವೆಚ್ಚದಲ್ಲಿ ದೊಡ್ಡ ಪಾಲನ್ನು ಅವರೇ ಕೊಟ್ಟರು. ಯಾರೂ ಜಾಗ ಬಿಟ್ಟು ಹೋಗಬೇಕಾಗಲಿಲ್ಲ. 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು, 2013ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಕಂಬಳಿಯ ಅಂಗಳದಲ್ಲಿ ಕಂಬಳಿ ಮಾರುವವರೇ ಕೂತಿದ್ದಾರೆ, ಪಕ್ಕದಲ್ಲಿ ಹರಿದ ಕಂಬಳಿಗೆ ಗಂಟು ಹಾಕುವವನೂ ಇದ್ದಾನೆ. ಪ್ರವಾಸಿ ಬಂದರೆ ನೋಡಲಿ, ಬಾರದಿದ್ದರೂ ಅವನ ಕೆಲಸ ನಿಲ್ಲದು.

ಅಲೆಪ್ಪೊದ ಪೇಟೆಗೆ ಆ ಭಾಗ್ಯವಿರಲಿಲ್ಲ. 2012ರ ಸೆಪ್ಟೆಂಬರಿನಲ್ಲಿ ಯುದ್ಧದ ಬೆಂಕಿ ಅದರ ನೂರಾರು ಅಂಗಡಿಗಳನ್ನು ನುಂಗಿತು. 2019ರ ಹೊತ್ತಿಗೆ ಸಖತಿಯ್ಯ ಎಂಬ ಒಂದು ಸಾಲಿನ ದುರಸ್ತಿ ಮುಗಿಯಿತು. ಕಮಾನು ಕಟ್ಟುವವರು ಸಿಕ್ಕಿದರು, ಕಲ್ಲು ಸಿಕ್ಕಿತು. ಅಂಗಡಿಯ ಒಡೆಯರಲ್ಲಿ ಎಷ್ಟೋ ಮಂದಿ ಊರು ಬಿಟ್ಟು ಹೋಗಿದ್ದರು.

ಈಗ ನಮ್ಮ ಮೈಸೂರಿಗೆ ಬರೋಣ. ಸಯ್ಯಾಜಿರಾವ್ ರಸ್ತೆಯ ದೇವರಾಜ ಮಾರುಕಟ್ಟೆ, ಹಿಂದೆ ಸಂತೆ ನೆರೆಯುತ್ತಿದ್ದ ಜಾಗದಲ್ಲಿ 19ನೇ ಶತಮಾನದ ಕೊನೆಯ ಭಾಗದಲ್ಲಿ ಒಡೆಯರ ಕಾಲದಲ್ಲಿ ರೂಪುಗೊಂಡದ್ದು. ಅದರ ಮಗ್ಗುಲಲ್ಲೇ 1886ರ ಚಿಕ್ಕ ಗಡಿಯಾರ. ಎಂಟುನೂರರಷ್ಟು ಅಂಗಡಿಗಳು. ಹೂವಿನವರದೊಂದು ಸಾಲು, ಬಾಳೆಹಣ್ಣಿನವರದೊಂದು, ವೀಳ್ಯದೆಲೆಯವರದೊಂದು, ಅರಿಸಿನ ಕುಂಕುಮದವರದೊಂದು, ಊದಿನಕಡ್ಡಿ ಅತ್ತರಿನವರದೊಂದು. ಶೈಝರಿಯ ಕೈಪಿಡಿಯನ್ನು ಇಲ್ಲಿ ಯಾರೂ ಓದಿರಲಾರರು. ಅಬ್ದುರ್ರಝಾಕ್ ಬಂದಿದ್ದರೆ ಮಾತ್ರ ಇಲ್ಲಿಯೂ ಅವನಿಗೆ ದಾರಿ ತಪ್ಪುತ್ತಿರಲಿಲ್ಲ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಮೂರೂ ಒಂದೇ ಸೂರಿನ ಕೆಳಗೆ ಕಾಣಸಿಗುವ ಜಾಗ ಇದು. ಹೊರದೇಶದ ಪ್ರವಾಸಿಗರು ಕುಂಕುಮದ ಬಣ್ಣಬಣ್ಣದ ಗೋಪುರಗಳ ಚಿತ್ರ ತೆಗೆಯದೆ ಮೈಸೂರು ಬಿಡುವುದಿಲ್ಲ. ಅವರಿಗಾಗಿ ಇದನ್ನು ಯಾರೂ ಜೋಡಿಸಿಟ್ಟಿಲ್ಲ.

2016ರ ಆಗಸ್ಟ್‌ನಲ್ಲಿ ಈ ಕಟ್ಟಡದ ಉತ್ತರ ಭಾಗ ಕುಸಿಯಿತು. ಅಲ್ಲಿಂದಾಚೆಗೆ ಇಡೀ ಕಟ್ಟಡವನ್ನು ಕೆಡವಿ ಅದೇ ರೂಪದಲ್ಲಿ ಹೊಸದು ಕಟ್ಟಬೇಕೋ, ಇದ್ದುದನ್ನೇ ಗಟ್ಟಿ ಮಾಡಬೇಕೋ ಎಂಬ ವಿವಾದ ಸಮಿತಿಗಳ ಮುಂದೆ, ನ್ಯಾಯಾಲಯದ ಮುಂದೆ ವರ್ಷಗಟ್ಟಲೆ ನಡೆದಿದೆ. ತಜ್ಞರಲ್ಲೇ ಒಮ್ಮತ ಮೂಡಲಿಲ್ಲ. ಸುಣ್ಣದ ಗಾರೆಯ ಗೋಡೆ ಎಷ್ಟು ಭಾರ ತಾಳುತ್ತದೆಂದು ಹೇಳುವ ಅರ್ಹತೆ ನಮಗಿಲ್ಲ. ಜನರ ತಲೆಯ ಮೇಲೆ ಸೂರು ಬೀಳಬಾರದೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕೆಡವುವ ಪಕ್ಷವೂ ಉಳಿಸುವ ಪಕ್ಷವೂ ಮುಖ್ಯವಾಗಿ ಕಮಾನಿನ ಬಗ್ಗೆ, ಗೋಡೆಯ ಬಗ್ಗೆ, ನೋಟದ ಬಗ್ಗೆ ಮಾತನಾಡುತ್ತಿರುವುದು ನಮ್ಮ ಆತಂಕಕ್ಕೆ ಕಾರಣ. ಕೆಲಸ ನಡೆಯುವ ಎರಡು ಮೂರು ವರ್ಷ ವೀಳ್ಯದೆಲೆಯವನು ಎಲ್ಲಿ ಕೂರಬೇಕು? ವೀಳ್ಯದೆಲೆ ಮೂರು ದಿನ ಕಾಯುವುದಿಲ್ಲ, ಹೂವು ಒಂದು ದಿನವೂ ಕಾಯುವುದಿಲ್ಲ. ಮರಳಿ ಬಂದಾಗ ಅವನ ಬಾಡಿಗೆ ಎಷ್ಟಿರುತ್ತದೆ? ಸಾಲಿನ ನಡುವೆ ಇದ್ದ ಅವನ ಜಾಗ ಸಾಲಿನಲ್ಲೇ ಇರುತ್ತದೆಯೇ, ಇಲ್ಲ ಹರಾಜಿನಲ್ಲಿ ಹೋಗುತ್ತದೆಯೇ? ಹರಾಜಾದರೆ ಹೂವಿನ ಸಾಲಿನ ನಡುವೆ ಮೊಬೈಲ್ ಅಂಗಡಿ ಬರುವುದನ್ನು ಯಾವ ಪಾರಂಪರಿಕ ಕಮಾನು ತಡೆಯುತ್ತದೆ?

ತಬ್ರೀಝ್‌ನಲ್ಲಿ ವ್ಯಾಪಾರ ನಿಲ್ಲಿಸದೆ, ಯಾರನ್ನೂ ಎಬ್ಬಿಸದೆ ಕಮಾನಿಗೆ ಕೈ ಹಾಕಿದರು. ನಮ್ಮಲ್ಲಿಯೂ ಅದು ಅಸಾಧ್ಯವಲ್ಲ. ಒಂದೊಂದೇ ಸಾಲನ್ನು ಎತ್ತಿಕೊಂಡು ದುರಸ್ತಿ ಮಾಡಬಹುದು, ಬಾಡಿಗೆಯನ್ನು ಮೊದಲೇ ಬರೆದುಕೊಡಬಹುದು, ಪ್ರತಿ ಸಾಲಿನಿಂದ ಕಸುಬು ಬಲ್ಲ ಒಬ್ಬರನ್ನಾದರೂ ಸಮಿತಿಯಲ್ಲಿ ಕೂರಿಸಬಹುದು. ಹಂಪಿಯಿಂದ ಎಬ್ಬಿಸಿದವರಿಗೆ ಕಡ್ಡಿರಾಂಪುರದಲ್ಲಿ ನಿವೇಶನ ಕೊಡಲಾಯಿತು. ತಲೆಗೊಂದು ಸೂರು ಸಿಕ್ಕಿರಬಹುದು, ಆದರೆ ಕೆಲವು ಕಿಲೋಮೀಟರ್ ದೂರದ ಆ ಜಾಗಕ್ಕೆ ತೇರಿನ ಬೀದಿಯ ಗಿರಾಕಿಗಳು ಹುಡುಕಿಕೊಂಡು ಹೋಗಲಿಲ್ಲ.

ಕಳೆದ ಬಾರಿ ದೇವರಾಜ ಮಾರುಕಟ್ಟೆಗೆ ಹೋದಾಗ ಹೂವಿನ ಸಾಲಿನಲ್ಲಿ ನಿಂತಿದ್ದೆವು. ವಿದೇಶಿ ದಂಪತಿಯ ಜೊತೆ ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳಿದ್ದಳು. ಹೂವಿನಾಕೆ ಮಲ್ಲಿಗೆಯ ದಂಡೆಯನ್ನು ಮೊಣಕೈಯಿಂದ ಬೆರಳ ತುದಿಯವರೆಗೆ ಹಿಡಿದು ಒಂದು ಮೊಳ ಅಳೆದು ಕತ್ತರಿಸಿದಳು. ಹುಡುಗಿ ತನ್ನ ಪುಟ್ಟ ಕೈಯನ್ನು ಅದರ ಪಕ್ಕ ಚಾಚಿ ನೋಡಿದಳು. ಮೊಳ ಅವಳ ಬೆರಳು ದಾಟಿ ಉಳಿಯಿತು. ಹೂವಿನಾಕೆ ನಕ್ಕು, ದಂಡೆಯನ್ನು ಆ ಪುಟ್ಟ ಕೈಯ ಅಳತೆಗೆ ಹಿಡಿದು ತೋರಿಸಿ, 'ಇದು ನಿನ್ನ ಮೊಳ ಕಣವ್ವಾ' ಎಂದಳು. ಮತ್ತೆ ತನ್ನ ಕೈಯದನ್ನೇ ಕೊಟ್ಟಳು.